ಜೋಯಿಡಾದ ಗೆಡ್ಡೆಗೆ ಗಿರಾಕಿ ಯಾರು?

ಜನವರಿ ಬಂತೆಂದರೆ ಜೋಯಿಡಾದಲ್ಲಿ ಗೆಡ್ಡೆ-ಗೆಣಸಿನ ಮೇಳ. ಅದೇ ಹೊತ್ತಿಗೆ ‘ಸ್ವಯಂ’ ಜಾಲತಾಣದಲ್ಲಿ ಹೊಸ ಸೆಮಿಸ್ಟರ್. ಒಂದರಲ್ಲಿ ಸರಕಿದೆ, ಇನ್ನೊಂದರಲ್ಲಿ ಅದನ್ನು ಮಾರುವ ವಿದ್ಯೆಯ ಮೊದಲ ಪಾಠವಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಯುವಜನ ಈ ಎರಡನ್ನೂ ಒಂದೇ ಮೇಜಿಗೆ ತರಬೇಕು, ಗುಂಪಾಗಿ ಕೂತು ಕಲಿಯಬೇಕು.

ಹಾಸಿದ ಗೋಣಿತಟ್ಟಿನ ಮೇಲೆ ಕೆಮ್ಮಣ್ಣು ಮೆತ್ತಿಕೊಂಡೇ ಇರುವ ಗೆಡ್ಡೆಗಳ ರಾಶಿ. ಒಂದು ಮೊಣಕೈಯುದ್ದ, ಒಂದು ಗುಂಡಗೆ, ಮತ್ತೊಂದರ ಮೈತುಂಬ ಬೇರಿನ ಎಳೆ. ಮುಡ್ಲಿ, ನಾಗರಕೋನ, ಝಾಡಕಣಗ, ಕಾಟೆಕಣಗ ಎಂದು ಹೆಸರು ಹೇಳುತ್ತ ಕುಣಬಿ ಸಮುದಾಯದ ಹೆಂಗಸರು ಒಂದೊಂದನ್ನೇ ಎತ್ತಿ ತೋರಿಸುತ್ತಾರೆ. ಕಾಡಿನಂಚಿನ ಹಿತ್ತಿಲಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ತಳಿಗಳಿವು. ಹೊರಗಿನಿಂದ ಬಂದವರು ಬೆರಗಾಗುತ್ತಾರೆ, ಫೋಟೊ ತೆಗೆಯುತ್ತಾರೆ, ಆಮೇಲೆ ಕೇಳುತ್ತಾರೆ: ಇದನ್ನು ಬೇಯಿಸುವುದು ಹೇಗೆ? ಎಷ್ಟು ದಿನ ಕೆಡದೆ ಇರುತ್ತದೆ? ಮೇಳ ಮುಗಿದ ಮೇಲೆ ಎಲ್ಲಿ ಸಿಗುತ್ತದೆ? ಮೊದಲೆರಡಕ್ಕೆ ಬೆಳೆದವರ ಬಳಿ ಥಟ್ಟನೆ ಉತ್ತರವಿದೆ. ಮೂರನೆಯದಕ್ಕೆ ಅಷ್ಟು ಸಲೀಸಾದ ಉತ್ತರವಿಲ್ಲ. ಉತ್ತರ ಕನ್ನಡದ ಈ ನಾಲ್ಕು ತಾಲ್ಲೂಕುಗಳ ಆರ್ಥಿಕ ಸ್ಥಿತಿಯ ಬಹುಪಾಲು ಆ ಮೂರನೆಯ ಪ್ರಶ್ನೆಯಲ್ಲೇ ಅಡಗಿದೆ.

ಮೇಳ ನಡೆಯುವ ಇದೇ ಜನವರಿಯಲ್ಲಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯ ಮೊದಲ ಸೆಮಿಸ್ಟರ್ ಶುರುವಾಗುತ್ತದೆ, ಎರಡನೆಯದು ಜುಲೈಗೆ. ಅಲ್ಲಿ ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟಿನ ಪರಿಚಯ ಕೋರ್ಸ್‌ಗಳಿಗೆ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು, ಕಲಿಯಲು ಶುಲ್ಕವಿಲ್ಲ. ಕೋರ್ಸೆರಾದಲ್ಲಿ ಅಮೆರಿಕದ ವಾರ್ಟನ್ ಸ್ಕೂಲಿನ ಪರಿಚಯ ಕೋರ್ಸ್ ಇದೆ. 2017ರ ಜನವರಿಯಲ್ಲಿ ಗೂಗಲ್ ಭಾರತದ ಸಣ್ಣ ವ್ಯಾಪಾರಿಗಳಿಗಾಗಿ ‘ಡಿಜಿಟಲ್ ಅನ್‌ಲಾಕ್ಡ್’ ಎಂಬ ತರಬೇತಿ ಆರಂಭಿಸಿತ್ತು. ಒಂದು ಕಾಲಕ್ಕೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಎಂಬಿಎ ಸೇರಿದವರಿಗಷ್ಟೇ ದಕ್ಕುತ್ತಿದ್ದ ಪಾಠ ಈಗ ಜೋಯಿಡಾ ತಾಲ್ಲೂಕಿನ ಜಗಲಬೇಟದ ಹುಡುಗಿಯ ಮೊಬೈಲಿಗೂ ಬರುತ್ತದೆ, ಸಿಗ್ನಲ್ ಇದ್ದರೆ. ಆಕೆ ಅದನ್ನು ಕಲಿಯಬೇಕೇ? ಕಲಿಯಬೇಕು ಎಂಬುದೇ ಈ ಲೇಖನದ ವಾದ. ಆದರೆ ಆ ಕಲಿಕೆ ಈ ನೆಲಕ್ಕೆ ಉಪಯೋಗಕ್ಕೆ ಬರಬೇಕಾದರೆ ಒಂದು ಷರತ್ತಿದೆ: ಕಲಿಯುವವರು ತಮ್ಮೂರಿನ ಒಂದು ಸರಕನ್ನು ಕೈಯಲ್ಲಿ ಹಿಡಿದು, ನಾಲ್ಕು ಜನರ ಜೊತೆ ಕೂತು ಕಲಿಯಬೇಕು.

ಬಾಕ್ಸ್: ಸ್ವಯಂ ಎಂದರೆ
2017ರ ಜುಲೈ 9ರಂದು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಪಾಠ ಒದಗಿಸುವ ಒಂಬತ್ತು ರಾಷ್ಟ್ರೀಯ ಸಂಯೋಜಕ ಸಂಸ್ಥೆಗಳಲ್ಲಿ ಬೆಂಗಳೂರಿನ ಐಐಎಂ ಕೂಡ ಒಂದು. ಐಐಟಿಗಳ ಎನ್‌ಪಿಟಿಇಎಲ್ ಕೋರ್ಸ್‌ಗಳು 4, 8 ಅಥವಾ 12 ವಾರದವು. ಪ್ರಮಾಣಪತ್ರ ಬೇಕಿದ್ದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ನಿಗದಿತ ಕೇಂದ್ರದಲ್ಲಿ ಬರೆಯಬೇಕು. ವಾರದ ಅಸೈನ್‌ಮೆಂಟ್‌ಗಳಿಗೆ 25, ಪರೀಕ್ಷೆಗೆ 75 ಅಂಕ. ಯುಜಿಸಿಯ 2021ರ ನಿಯಮದಂತೆ ಪದವಿ ಓದುವವರು ಒಂದು ಸೆಮಿಸ್ಟರಿನ ಶೇ 40ರಷ್ಟು ಕ್ರೆಡಿಟ್‌ಗಳನ್ನು ಸ್ವಯಂ ಮೂಲಕ ಗಳಿಸಬಹುದು.

ಮೊದಲ ವಾರದ ಪಾಠ

ಮಾರ್ಕೆಟಿಂಗ್ ಎಂದರೆ ಜಾಹೀರಾತು, ಬಣ್ಣದ ಪೊಟ್ಟಣ, ಇನ್‌ಸ್ಟಾಗ್ರಾಂ ರೀಲು ಎಂಬ ಭಾವನೆ ವ್ಯಾಪಕವಾಗಿದೆ. ಯಾವುದೇ ಗಂಭೀರ ಪರಿಚಯ ಕೋರ್ಸ್ ಮೊದಲ ವಾರದಲ್ಲೇ ಈ ಭಾವನೆಯನ್ನು ಕೆಡವುತ್ತದೆ. ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ 1960ರಲ್ಲಿ ನಾಲ್ಕು ಅಂಶಗಳ ಚೌಕಟ್ಟು ಕೊಟ್ಟರು: ಸರಕು, ಬೆಲೆ, ತಲುಪಿಸುವ ಜಾಗ, ಪ್ರಚಾರ. ಪ್ರಚಾರ ಅಲ್ಲಿ ನಾಲ್ಕರಲ್ಲಿ ಒಂದಷ್ಟೇ. ಅದೇ ವರ್ಷ ಥಿಯೊಡೋರ್ ಲೆವಿಟ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಪ್ರಬಂಧ ಇಂದಿಗೂ ಬಹುತೇಕ ಎಲ್ಲ ಕೋರ್ಸ್‌ಗಳಲ್ಲಿದೆ. ಉದ್ಯಮಗಳು ಸೋಲುವುದು ತಮ್ಮ ಸರಕನ್ನೇ ನೋಡುತ್ತ ಕೂತು, ಕೊಳ್ಳುವವನ ಅಗತ್ಯವನ್ನು ಮರೆತಾಗ ಎಂಬುದು ಅದರ ತಿರುಳು. ಅಮೆರಿಕದ ರೈಲು ಕಂಪನಿಗಳು ತಾವು ರೈಲಿನ ವ್ಯವಹಾರದಲ್ಲಿದ್ದೇವೆ ಎಂದುಕೊಂಡವೇ ಹೊರತು ಜನರನ್ನು, ಸರಕನ್ನು ಸಾಗಿಸುವ ವ್ಯವಹಾರದಲ್ಲಿದ್ದೇವೆ ಎಂದು ತಿಳಿಯಲಿಲ್ಲ ಎಂದು ಲೆವಿಟ್ ಉದಾಹರಣೆ ಕೊಡುತ್ತಾರೆ. 1967ರಲ್ಲಿ ಬಂದ ಫಿಲಿಪ್ ಕೋಟ್ಲರ್ ಅವರ ಪಠ್ಯ ಇದನ್ನೆಲ್ಲ ಒಂದು ಶಿಸ್ತಿಗೆ ತಂದಿತು: ಕೊಳ್ಳುವವರನ್ನು ಅವರ ಅಗತ್ಯದ ಪ್ರಕಾರ ಗುಂಪುಗಳಾಗಿ ವಿಂಗಡಿಸು, ಅವರಲ್ಲಿ ಯಾರಿಗೆ ನೀನು ಚೆನ್ನಾಗಿ ಸಲ್ಲಬಲ್ಲೆ ಎಂದು ತೀರ್ಮಾನಿಸು, ಉಳಿದದ್ದು ಆಮೇಲೆ.

ಈ ಪಾಠವನ್ನು ಜೋಯಿಡಾದ ಗೋಣಿತಟ್ಟಿನ ಪಕ್ಕ ಇಟ್ಟು ನೋಡಬೇಕು. ಗಡಿಯಾಚೆ ಗೋವಾದ ಅಡುಗೆಮನೆಗಳಲ್ಲಿ ಖತಖತೆ ಎಂಬ ಹಬ್ಬದ ಅಡುಗೆಗೆ ಹಲವು ಬಗೆಯ ಗೆಡ್ಡೆಗಳು ಬೇಕೇ ಬೇಕು. ಕೋನ, ಕಣಗ ಎಂಬ ಹೆಸರುಗಳು ಆ ಮನೆಯವರಿಗೆ ಗೊತ್ತು. ಬೇಯಿಸುವುದು ಹೇಗೆಂದು ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಬೇಕಿರುವುದು ಹಬ್ಬಕ್ಕೆ ಎರಡು ದಿನ ಮೊದಲು, ತಾಜಾ ಸರಕು, ನಂಬಬಹುದಾದ ತೂಕ. ಬೆಂಗಳೂರಿನ ಸಾವಯವ ಅಂಗಡಿಗೆ ಬರುವ ಗಿರಾಕಿಯ ಅಗತ್ಯ ಬೇರೆಯೇ. ಆಕೆಗೆ ಹೆಸರು ಗೊತ್ತಿಲ್ಲ, ಬಾಯಿ ತುರಿಸೀತೆಂಬ ಭಯವಿದೆ, ಇಡೀ ಗೆಡ್ಡೆ ಅವಳ ಪುಟ್ಟ ಸಂಸಾರಕ್ಕೆ ಹೆಚ್ಚಾಗುತ್ತದೆ. ಅವಳಿಗೆ ಸಣ್ಣ ತುಂಡು ಬೇಕು, ಜೊತೆಗೆ ಅಡುಗೆಯ ವಿಧಾನ ಬೇಕು. ಇನ್ನು ಮೂರನೆಯವರು ದಾಂಡೇಲಿಯ ರೆಸಾರ್ಟಿನಲ್ಲಿ ಉಳಿದುಕೊಂಡ ಪ್ರವಾಸಿಗರು. ಅವರಿಗೆ ಹಸಿ ಗೆಡ್ಡೆಯೇ ಬೇಡ, ಬಾಳೆಲೆಯ ಮೇಲೆ ಬೇಯಿಸಿ ಬಡಿಸಿದ ಊಟ ಬೇಕು. ಒಂದೇ ಮುಡ್ಲಿಗೆ ಮೂರು ಗಿರಾಕಿ, ಮೂರು ಬೆಲೆ, ಮೂರು ದಾರಿ. ಮೂವರನ್ನೂ ಒಂದೇ ಬಾರಿ ಒಲಿಸಲು ಹೊರಟರೆ ಮೇಳದ ಗದ್ದಲವಷ್ಟೇ ಉಳಿಯುತ್ತದೆ. ಯಾರನ್ನು ಮೊದಲು ಹಿಡಿಯಬೇಕು ಎಂದು ಕೂತು ಯೋಚಿಸುವುದೇ ಆ ಕೋರ್ಸಿನ ಮೊದಲ ಮೂರು ವಾರದ ಪಾಠ.

ದಾಂಡೇಲಿಯ ವಿಷಯದಲ್ಲಿ ಇದೇ ಪಾಠ ಇನ್ನೂ ತುರ್ತಾಗಿದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಈ ಊರಿಗೆ ಕಾರ್ಮಿಕ ಪಟ್ಟಣದ ರೂಪ ಕೊಟ್ಟಿತು. ಕಾಗದ ಕಾರ್ಖಾನೆ ಉಳಿದಿದೆ, ಆದರೆ ಪ್ಲೈವುಡ್, ಫೆರೋ ಅಲಾಯ್ ಕಾರ್ಖಾನೆಗಳು ಮುಚ್ಚಿದವು. ಆ ಜಾಗಕ್ಕೆ ಪ್ರವಾಸೋದ್ಯಮ ಬಂತು. ಹೊರಗಿನವರ ಮಟ್ಟಿಗೆ ಈಗ ದಾಂಡೇಲಿ ಎಂದರೆ ರ್‍ಯಾಫ್ಟಿಂಗ್. ರಬ್ಬರ್ ದೋಣಿ ಸಾಗುವ ಗಣೇಶಗುಡಿಯ ನೀರು ಮಾತ್ರ ಸೂಪಾ ಅಣೆಕಟ್ಟೆಯ ವಿದ್ಯುದಾಗಾರ ಬಿಟ್ಟಾಗ ಬರುವ ನೀರು. ಅದರ ಕೀಲಿ ಪ್ರವಾಸೋದ್ಯಮದ ಕೈಯಲ್ಲಿಲ್ಲ. ಅದೇ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸಿಗೆ ಹಕ್ಕಿ ನೋಡುವವರು ದೇಶದ ಮೂಲೆಮೂಲೆಯಿಂದ ಬರುತ್ತಾರೆ, ಬೇಸಿಗೆಯಲ್ಲಿ ನೀರಿನ ಬಟ್ಟಲಿಗೆ ಇಳಿಯುವ ಹಕ್ಕಿಗಾಗಿ ಗಂಟೆಗಟ್ಟಲೆ ಸದ್ದಿಲ್ಲದೆ ಕೂರುತ್ತಾರೆ. ಕಾಳಿ ನದಿಯ ದಂಡೆಯ ಮಂಗಟ್ಟೆ ಹಕ್ಕಿಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೇ ಘೋಷಣೆಯಾಗಿದೆ. ಈ ಎರಡು ಬಗೆಯ ಪ್ರವಾಸಿಗರ ಅಗತ್ಯ, ಕಾಲ, ಖರ್ಚು, ಗದ್ದಲ ಎಲ್ಲವೂ ಬೇರೆ. ಊರಿನ ಹೋಮ್‌ಸ್ಟೇಗಳು ಇಬ್ಬರಿಗೂ ಒಂದೇ ಫಲಕ, ಒಂದೇ ದರ, ಒಂದೇ ಊಟ ಇಟ್ಟು, ಆಮೇಲೆ ದರ ಇಳಿಸುವ ಪೈಪೋಟಿಗೆ ಬಿದ್ದರೆ ನಷ್ಟ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ.

‘ಸಂತೆಗೆ ಪಾಠಶಾಲೆ ಯಾಕೆ?’

ಕಲಿಯಬೇಕು ಎಂಬ ಈ ವಾದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು. ವ್ಯಾಪಾರ ಮಾಡುವವರು ಎಂದಾದರೂ ತರಗತಿಗೆ ಹೋಗಿದ್ದಾರೆಯೇ? ಮುಂಡಗೋಡವನ್ನೇ ನೋಡಿ ಎನ್ನಬಹುದು. 1966ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ಡೋಗುಲಿಂಗ್ ವಸಾಹತು ನೆಲೆಯಾಯಿತು. ಗಾದೆನ್, ಡ್ರೆಪುಂಗ್ ಮಠಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಜೋಳ, ಭತ್ತ ಬೆಳೆದು ಬದುಕಲಾಗದ ಕುಟುಂಬಗಳು ಚಳಿಗಾಲ ಬಂದೊಡನೆ ದೇಶದ ನಗರಗಳಿಗೆ ಸ್ವೆಟರ್ ಮಾರಲು ಹೊರಟವು. ಲುಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲದಲ್ಲಿ ಸರಕು ಎತ್ತುವುದು, ಹಂಗಾಮು ಮುಗಿದಾಗ ಲೆಕ್ಕ ತೀರಿಸುವುದು, ಲೋಸಾರ್ ಹಬ್ಬದ ಹೊತ್ತಿಗೆ ಮನೆ ಸೇರುವುದು. ಯಾವ ಜಾಹೀರಾತೂ ಇಲ್ಲದೆ ‘ಟಿಬೆಟನ್ ಮಾರ್ಕೆಟ್’ ಎಂಬ ಹೆಸರು ಊರೂರಲ್ಲಿ ನಿಂತಿತು. ಇವರಿಗೆ ಮೆಕಾರ್ಥಿಯ ಅಗತ್ಯವಿತ್ತೇ?

ಇರಲಿಲ್ಲ, ನಿಜ. ಆದರೆ ಈ ಉದಾಹರಣೆ ಮಾರ್ಕೆಟಿಂಗ್ ವಿದ್ಯೆ ಬೇಡವೆಂದು ತೋರಿಸುವುದಿಲ್ಲ. ಆ ವಿದ್ಯೆ ಎಷ್ಟು ಆಳವಾಗಿ ಕೆಲಸ ಮಾಡುತ್ತದೆ ಎಂದು ತೋರಿಸುತ್ತದೆ. ಅವರು ಸ್ವೆಟರ್ ಹೆಣೆಯುವುದನ್ನು ತಮ್ಮ ವ್ಯವಹಾರ ಎಂದುಕೊಳ್ಳಲಿಲ್ಲ. ಚಳಿ ಶುರುವಾಗುವ ವಾರಕ್ಕೆ ಸರಿಯಾಗಿ, ಕೈಗೆಟಕುವ ಬೆಲೆಯ ಬೆಚ್ಚನೆಯ ಬಟ್ಟೆಯನ್ನು ಮಧ್ಯಮ ವರ್ಗದ ಮನೆಯ ಸಮೀಪ ತಂದಿಡುವುದು ತಮ್ಮ ವ್ಯವಹಾರ ಎಂದು ತಿಳಿದುಕೊಂಡರು. ಸರಕು, ಬೆಲೆ, ಜಾಗ, ಕಾಲ ನಾಲ್ಕೂ ಕೂಡಿದ್ದವು. ಆ ತಿಳಿವಳಿಕೆ ಸಮುದಾಯದೊಳಗೆ, ಬಂಧುಗಳ ನಡುವೆ, ಕಷ್ಟದ ವರ್ಷಗಳಲ್ಲಿ ಬೆಳೆಯಿತು. ಅಂಥ ಜಾಲ ಇಲ್ಲದವರು ಏನು ಮಾಡಬೇಕು? ಮುಂಡಗೋಡದಲ್ಲೇ ಇರುವ ಲಂಬಾಣಿ ಕುಟುಂಬದ ಮೊದಲ ಪದವೀಧರೆಗೆ, ಜೋಯಿಡಾದ ಕುಣಬಿ ಹುಡುಗನಿಗೆ ಆ ಅನುಭವವನ್ನು ಹೇಳಿಕೊಡುವ ಅಜ್ಜ ಮನೆಯಲ್ಲಿಲ್ಲ. ಒಬ್ಬರ ಮನೆಯ ಜಾಣ್ಮೆಯನ್ನು ಇನ್ನೊಬ್ಬರ ಮನೆಗೂ ದಾಟಿಸುವಂತೆ ಮಾತಿಗಿಳಿಸುವುದೇ ಪಠ್ಯದ ಕೆಲಸ.

ಮಾರುವ ವಿದ್ಯೆಯನ್ನು ಕಲಿತು ದಕ್ಕಿಸಿಕೊಳ್ಳಬಹುದು ಎಂಬುದಕ್ಕೆ ಪಕ್ಕದ ಶಿರಸಿಯಲ್ಲಿ ಶತಮಾನದ ಸಾಕ್ಷಿ ಇದೆ. ಅಡಿಕೆ ಬೆಳೆಗಾರರು ವರ್ತಕರ ಹಿಡಿತದಿಂದ ಹೊರಬರಲೆಂದು ಕಡವೆ ಶ್ರೀಪಾದ ಹೆಗಡೆಯವರ ಮುಂದಾಳತ್ವದಲ್ಲಿ 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಕಟ್ಟಿಕೊಂಡರು. ಆ ಸಂಘದ ಹೆಸರಲ್ಲೇ ‘ಸೇಲ್’ ಇದೆ ಎಂಬುದು ಗಮನಾರ್ಹ. ಬೆಳೆಯುವುದು ಅವರಿಗೆ ಬರುತ್ತಿತ್ತು, ಕೊರತೆಯಿದ್ದದ್ದು ಮಾರುವ ವ್ಯವಸ್ಥೆಯಲ್ಲಿ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತು ಬಂತು, 2023ರಲ್ಲಿ ಅಂಕೋಲೆಯ ಕರಿ ಇಶಾಡ್ ಮಾವಿಗೂ ಬಂತು. ಸಂಘಟನೆ, ದಾಖಲೆ, ಗುಣಮಟ್ಟದ ಒಪ್ಪಂದ ಇದ್ದ ಕಡೆ ಹೆಸರಿಗೆ ಬೆಲೆ ಬರುತ್ತದೆ. ಜಿಲ್ಲೆಯ ಒಂದು ಪಕ್ಕದ ತಾಲ್ಲೂಕುಗಳು ನೂರು ವರ್ಷದ ಹಿಂದೆ ಕಲಿತದ್ದನ್ನು ಇನ್ನೊಂದು ಪಕ್ಕದವರು ಈಗ ಮೊಬೈಲಿನಲ್ಲಿ ಕಲಿಯಲು ಹೊರಟರೆ ಅದನ್ನು ಶೋಕಿ ಎನ್ನಲಾಗದು.

ಹಾಗೆಂದು ಕೋರ್ಸ್ ಹೇಳಿದ್ದೆಲ್ಲ ಇಲ್ಲಿಗೆ ಒಪ್ಪುತ್ತದೆ ಎಂದಲ್ಲ. ಹಳಿಯಾಳದ ಕಬ್ಬು ಬೆಳೆಗಾರನ ಮುಂದೆ ‘ಬೆಲೆ ನಿಗದಿಯ ತಂತ್ರಗಳು’ ಎಂಬ ಅಧ್ಯಾಯ ಇಟ್ಟರೆ ಪ್ರಯೋಜನವಿಲ್ಲ. 2025–26ರ ಹಂಗಾಮಿಗೆ ಶೇ 10.25 ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದು ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ನಿಗದಿ ಮಾಡಿದ್ದು ಕೇಂದ್ರ ಸರ್ಕಾರ. ಕೊಳ್ಳುವುದು ಕಾರ್ಖಾನೆ, ಕಟಾವಾದ ಕಬ್ಬು ಗಿರಾಕಿಗಾಗಿ ಕಾಯುವುದಿಲ್ಲ. ಇಲ್ಲಿ ರೈತನಿಗೆ ಬಲ ಕೊಡುವುದು ಸಂಘಟನೆ ಮತ್ತು ಹೋರಾಟ. ಪಠ್ಯದ ಯಾವ ಪುಟ ತನಗೆ ಸಲ್ಲುವುದಿಲ್ಲ ಎಂದು ಗುರುತಿಸುವುದೂ ಕಲಿಕೆಯೇ, ಮತ್ತು ಒಬ್ಬಂಟಿಯಾಗಿ ವಿಡಿಯೊ ನೋಡುವವರಿಗೆ ಅದು ಸುಲಭವಾಗಿ ಹೊಳೆಯುವುದಿಲ್ಲ.

ಸೇರಿದವರು ಸಾವಿರ, ಮುಗಿಸಿದವರು?

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆನ್‌ಲೈನ್ ಕೋರ್ಸ್‌ಗೆ ಸೇರುವುದು ಒಂದು ಕ್ಲಿಕ್ಕಿನ ಕೆಲಸ, ಬಿಡುವುದಕ್ಕೆ ಕ್ಲಿಕ್ಕೂ ಬೇಡ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸ್‌ಗಳ ದತ್ತಾಂಶವನ್ನು ಪರಿಶೀಲಿಸಿ ಜಸ್ಟಿನ್ ರೈಚ್ ಮತ್ತು ಹೋಸೆ ರುಯಿಪೆರೆಸ್-ವಲಿಯೆಂಟೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: 2017–18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ 3.13 ಮಾತ್ರ. ಹಣ ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಶೇ 46 ಮಂದಿ ಮುಗಿಸಿದ್ದರು. ಹಣ ಕಟ್ಟಿದ್ದೇ ಕಾರಣ ಎಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಮೊದಲೇ ಗಟ್ಟಿ ಮನಸ್ಸಿದ್ದವರೇ ಹಣ ಕಟ್ಟಿರುತ್ತಾರೆ. ಆದರೂ ಒಂದು ಮಾತು ಸ್ಪಷ್ಟ. ಪಾಠ ಉಚಿತವಾಗಿ ಸಿಕ್ಕರೆ ಸಾಲದು, ಕಲಿಯುವವರನ್ನು ಹನ್ನೆರಡು ವಾರ ಕೂರಿಸುವ ಏನೋ ಒಂದು ಬೇಕು.

ಈ ತಾಲ್ಲೂಕುಗಳಲ್ಲಿ ಇದಕ್ಕೆ ಇನ್ನೆರಡು ತೊಡಕುಗಳು ಸೇರುತ್ತವೆ. ಒಂದು ನೆಟ್‌ವರ್ಕ್. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿದ್ದನ್ನು ನಾಡೇ ನೋಡಿದೆ. ದೇಶದ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2022ರ ಜುಲೈಯಲ್ಲಿ. ಹುಲಿ ಮೀಸಲು ಅರಣ್ಯದ ನಡುವೆ ಗೋಪುರ ನಿಲ್ಲಿಸುವುದು, ಅದಕ್ಕೆ ವಿದ್ಯುತ್ ಕೊಡುವುದು ಬಯಲುಸೀಮೆಯಷ್ಟು ಸರಳವಲ್ಲ. ಇನ್ನೊಂದು ಭಾಷೆ. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು, ಲಂಬಾಣಿ, ಟಿಬೆಟನ್, ಶಾಲೆಯಲ್ಲಿ ಕನ್ನಡ, ಕೋರ್ಸ್ ಬಹುತೇಕ ಇಂಗ್ಲಿಷಿನಲ್ಲಿ. ಅದರಲ್ಲಿ ಬರುವ ಉದಾಹರಣೆಗಳು ಕೋಲಾ, ಕಾರು, ಸ್ಮಾರ್ಟ್‌ಫೋನಿನವು. ಬುದ್ಧಿವಂತ ಹುಡುಗಿಯೊಬ್ಬಳು ಇದು ತನಗಲ್ಲ ಎಂದು ಎರಡನೇ ವಾರಕ್ಕೆ ಬಿಟ್ಟರೆ ತಪ್ಪು ಅವಳದ್ದಲ್ಲ.

ಈ ಎಲ್ಲ ತೊಡಕಿಗೂ ಒಂದೇ ಪರಿಹಾರ ಕಾಣುತ್ತದೆ, ಮತ್ತು ಅದಕ್ಕೆ ಬೇಕಾದ ಕಟ್ಟಡ, ಬೆಂಚು, ಮನುಷ್ಯರು ಈ ತಾಲ್ಲೂಕುಗಳಲ್ಲಿ ಆಗಲೇ ಇದ್ದಾರೆ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆ ಹುಟ್ಟಿದ ರುಡ್‌ಸೆಟ್ ಮಾದರಿ ದೇಶಕ್ಕೆಲ್ಲ ಹಬ್ಬಿದ್ದರಿಂದ ಬಂದ ಸಂಸ್ಥೆಗಳ ಸಾಲಿನದು ಅದು. ಆ ಮಾದರಿಯ ಶಕ್ತಿ ಇರುವುದು ಎರಡು ಸಂಗತಿಗಳಲ್ಲಿ: ತರಬೇತಿ ಗುಂಪಿನಲ್ಲಿ, ವಸತಿಯೊಡನೆ ನಡೆಯುತ್ತದೆ, ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಹಿಡಿದು ವಿಚಾರಿಸುತ್ತಾರೆ. ಆನ್‌ಲೈನ್ ಕೋರ್ಸಿಗೆ ಇಲ್ಲದೆ ಇರುವುದು ಸರಿಯಾಗಿ ಇವೆರಡೇ. ದಾಂಡೇಲಿಯ ಬಂಗೂರನಗರ ಪದವಿ ಕಾಲೇಜು, ಹಳಿಯಾಳದ ಕೆಎಲ್‌ಎಸ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ವಾರಕ್ಕೊಂದು ಸಂಜೆ ವಿಡಿಯೊವನ್ನು ಪರದೆಯ ಮೇಲೆ ಹಾಕಿ, ನಡುನಡುವೆ ನಿಲ್ಲಿಸಿ, ವಾಣಿಜ್ಯ ವಿಭಾಗದ ಅಧ್ಯಾಪಕರೊಬ್ಬರು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಕಾಲೇಜುಗಳು ಸ್ಥಳೀಯ ಘಟಕಗಳಾಗಿ ಸೇರಿಕೊಂಡು ಮಾರ್ಗದರ್ಶಕರನ್ನು ನೇಮಿಸುವ ಏರ್ಪಾಡು ಎನ್‌ಪಿಟಿಇಎಲ್‌ನಲ್ಲಿ ಇದ್ದೇ ಇದೆ. ಪದವಿ ವಿದ್ಯಾರ್ಥಿಗಳಿಗೆ ಅದು ಕ್ರೆಡಿಟ್ ಕೂಡ ಆಗುತ್ತದೆ. ಕಾಲೇಜಿನ ಹೊರಗಿನವರಿಗೆ, ಸ್ವಸಹಾಯ ಸಂಘದ ಹೆಂಗಸರಿಗೆ, ಹೋಮ್‌ಸ್ಟೇ ನಡೆಸುವವರಿಗೆ ಆ ಸಂಜೆ ಬಾಗಿಲು ತೆರೆದಿಡಬೇಕು.

ಬಾಕ್ಸ್: ಸಿಗ್ನಲ್ ಇಲ್ಲದ ಕಡೆ
2017ರಲ್ಲೇ ಸ್ವಯಂ ಜೊತೆಗೆ ‘ಸ್ವಯಂ ಪ್ರಭಾ’ ಎಂಬ ಶೈಕ್ಷಣಿಕ ಡಿಟಿಎಚ್ ವಾಹಿನಿಗಳೂ ಆರಂಭವಾದವು; ಶುರುವಿನಲ್ಲಿ 32 ಇದ್ದವು. ಉಪಗ್ರಹದ ಮೂಲಕ ಬರುವುದರಿಂದ ಇಂಟರ್ನೆಟ್ ಬೇಕಿಲ್ಲ, ಚಂದಾ ಇಲ್ಲ. ಡಿಶ್ ಮತ್ತು ಟಿವಿ ಇರುವ ಯಾವ ಗ್ರಾಮ ಪಂಚಾಯಿತಿ ಕಟ್ಟಡದಲ್ಲೂ ನೋಡಬಹುದು.

ಪ್ರಮಾಣಪತ್ರದಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವವರಿಗೆ ನೇರ ಉತ್ತರ ಕೊಡುವುದು ಒಳ್ಳೆಯದು: ಅದೊಂದರಿಂದಲೇ ಸಿಗುವುದಿಲ್ಲ. ಪರಿಚಯ ಕೋರ್ಸ್ ಪರಿಚಯವಷ್ಟೇ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಂದರ್ಶನಕ್ಕೆ ಹೋದಾಗ ಎಂಬಿಎ ಓದಿದವರ ಎದುರು ಆ ಹಾಳೆಯ ತೂಕ ಕಡಿಮೆ. ಆದರೆ ಅದರ ಜೊತೆಗೆ ‘ಜೋಯಿಡಾದ ಮುಡ್ಲಿಯನ್ನು ಗೋವಾದ ಕೊಳ್ಳುಗರಿಗೆ ತಲುಪಿಸಲು ಹನ್ನೆರಡು ವಾರದಲ್ಲಿ ನಾವು ಮಾಡಿದ್ದು ಇದು, ಸೋತದ್ದು ಇಲ್ಲಿ, ಗೆದ್ದದ್ದು ಇಲ್ಲಿ’ ಎಂಬ ಹತ್ತು ಪುಟದ ವರದಿ ಇದ್ದರೆ ಮಾತು ಬೇರೆ. ನಗರದ ವಿದ್ಯಾರ್ಥಿಗಳು ಕಲ್ಪಿತ ಕಂಪನಿಗೆ ಯೋಜನೆ ಬರೆಯುವಾಗ ಇಲ್ಲಿನವರಿಗೆ ನಿಜವಾದ ಸರಕು, ನಿಜವಾದ ಬೆಳೆಗಾರ, ನಿಜವಾದ ಗಿರಾಕಿ ಕೈಯಳತೆಯಲ್ಲಿದ್ದಾರೆ.

ಫೂಲ ಇಲ್ಲದ ಕೌದಿ

ಮಾರ್ಕೆಟಿಂಗ್ ಮುಟ್ಟಿದ್ದೆಲ್ಲ ಕೆಡುತ್ತದೆ ಎಂಬ ಭಯ ಮೂರನೆಯ ಆಕ್ಷೇಪ, ನನ್ನ ದೃಷ್ಟಿಯಲ್ಲಿ ಅತ್ಯಂತ ಗೌರವಿಸಬೇಕಾದದ್ದು. ಹಳಿಯಾಳ, ಮುಂಡಗೋಡ, ಯಲ್ಲಾಪುರ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೆನೆಯಬೇಕು. ಆಫ್ರಿಕ ಮೂಲದ ಈ ಸಮುದಾಯಕ್ಕೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯುತ್ತಾರೆ. ಮೂಲೆಗಳಲ್ಲಿ ‘ಫೂಲ’ ಎಂಬ ಪುಟ್ಟ ಮಡಿಕೆಯ ಹೂ ಇಡದಿದ್ದರೆ ಕೌದಿ ಪೂರ್ತಿಯಾಗುವುದಿಲ್ಲ ಎಂಬುದು ಅವರ ನಂಬಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಒತ್ತಾಸೆಯಿಂದ ಈ ಹೆಂಗಸರ ಸಹಕಾರಿ ಗುಂಪು ರೂಪುಗೊಂಡು, ಮಗುವಿಗೆ ಹೊದಿಸುತ್ತಿದ್ದ ಕೌದಿ ಅಮೆರಿಕದ ಪ್ರದರ್ಶನಾಲಯಗಳ ಗೋಡೆಗೇರಿತು. ಇಂಥ ವಸ್ತುವಿಗೆ ಪೇಟೆಯ ಬೇಡಿಕೆ ಬಂದಾಗ ಅವಸರದ ಹೊಲಿಗೆ, ಪೇಟೆ ಹೇಳಿದ ಬಣ್ಣ, ಕಡೆಗೆ ಫೂಲವಿಲ್ಲದ ಅಗ್ಗದ ನಕಲು ಬರಬಹುದು. ಈ ಅಪಾಯ ಕಲ್ಪಿತವಲ್ಲ. ಎಷ್ಟೋ ಕರಕುಶಲ ಕಲೆಗಳಿಗೆ ಹಾಗೇ ಆಗಿದೆ.

ಆದರೆ ಪೇಟೆ ಈ ಹಳ್ಳಿಗಳಿಗೆ ಹೇಗೂ ಬರುತ್ತದೆ, ಬಂದೂ ಆಗಿದೆ. ಅದು ಬಂದಾಗ ಕೌದಿಯ ಕತೆಯನ್ನು ಹೇಳುವವರು, ಬೆಲೆ ಕಟ್ಟುವವರು ಯಾರು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಹೊಲಿದವಳ ಮಗಳೇ ಮಾರ್ಕೆಟಿಂಗಿನ ಮೊದಲ ಪಾಠ ಕಲಿತವಳಾದರೆ, ಫೂಲ ಇದ್ದದ್ದಕ್ಕೇ ಈ ಬೆಲೆ, ತಿಂಗಳಿಗೆ ಇಷ್ಟೇ ಕೌದಿ ಎಂದು ನಿಲ್ಲುವ ಧೈರ್ಯ ಅವಳಿಗೆ ಬರುತ್ತದೆ. ಕಡಿಮೆ ಸರಕನ್ನು ಸರಿಯಾದ ಬೆಲೆಗೆ ಸರಿಯಾದವರಿಗೆ ಮಾರುವುದು ಆ ಪಠ್ಯದೊಳಗಿನ ಮಾತೇ.

ಬೇಡಿಕೆಯನ್ನು ಬೇಕೆಂದೇ ತಗ್ಗಿಸುವ ವಿದ್ಯೆಯೂ ಅದರಲ್ಲಿದೆ. 1971ರಲ್ಲಿ ಕೋಟ್ಲರ್ ಮತ್ತು ಸಿಡ್ನಿ ಲೆವಿ ‘ಡಿಮಾರ್ಕೆಟಿಂಗ್’ ಎಂಬ ಹೆಸರಿನಲ್ಲಿ ಇದನ್ನು ಮಂಡಿಸಿದರು: ಕೆಲವು ಕಡೆ, ಕೆಲವು ಕಾಲದಲ್ಲಿ, ಕೆಲವು ಬಗೆಯ ಗಿರಾಕಿಗಳನ್ನು ಕಡಿಮೆ ಮಾಡುವುದೇ ಮಾರುಕಟ್ಟೆ ತಜ್ಞನ ಕೆಲಸ. ಪರಿಚಯ ಕೋರ್ಸ್‌ಗಳು ಇದನ್ನು ಒಂದೆರಡು ನಿಮಿಷದಲ್ಲಿ ದಾಟಿಬಿಡುತ್ತವೆ. ಕಾಳಿ ಕಣಿವೆಯ ಕಲಿಕಾ ಗುಂಪು ಇದಕ್ಕೆ ಒಂದಿಡೀ ಸಂಜೆ ಕೊಡಬೇಕು. 2007ರಲ್ಲಿ ದಾಂಡೇಲಿ-ಅಣಶಿ ಹೆಸರಿನಲ್ಲಿ ಘೋಷಣೆಯಾಗಿ 2015ರಲ್ಲಿ ಕಾಳಿ ಎಂದು ಮರುನಾಮಕರಣಗೊಂಡ ಹುಲಿ ಮೀಸಲು ಅರಣ್ಯದ ಸುತ್ತ ವಾರಾಂತ್ಯದಲ್ಲಿ ಎಷ್ಟು ವಾಹನ ತಡೆದೀತು, ಡಿಜೆ ಸದ್ದಿನ ರಾತ್ರಿಗಳನ್ನು ಬಯಸುವವರಿಗೆ ಯಾವ ರೀತಿಯಲ್ಲಿ ಬೇಡ ಎನ್ನಬೇಕು, ವಾರದ ನಡುವೆ ಬರುವ ಹಕ್ಕಿ ನೋಡುಗರಿಗೆ ಏನು ರಿಯಾಯಿತಿ ಕೊಡಬೇಕು, ಮಂಗಟ್ಟೆ ಗೂಡು ಕಟ್ಟುವ ತಿಂಗಳುಗಳಲ್ಲಿ ಯಾವ ದಾರಿಯನ್ನು ಪಟ್ಟಿಯಿಂದಲೇ ತೆಗೆಯಬೇಕು ಎಂಬ ಲೆಕ್ಕವನ್ನು ಹೊರಗಿನ ಸಲಹಾ ಕಂಪನಿ ಬರೆದುಕೊಡಲು ಸಾಧ್ಯ. ಆದರೆ ಅದನ್ನು ಗಣೇಶಗುಡಿಯಲ್ಲಿ ದೋಣಿ ನಡೆಸುವವರು, ಜೋಯಿಡಾದಲ್ಲಿ ಹೋಮ್‌ಸ್ಟೇ ಇಟ್ಟವರು ತಾವೇ ಬರೆದು ಅರಣ್ಯ ಇಲಾಖೆಯ ಮುಂದೆ, ಗ್ರಾಮಸಭೆಯ ಮುಂದೆ ಇಟ್ಟರೆ ಅದು ಜಾರಿಗೆ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ನಿಯಮ ಪಾಲಿಸಬೇಕಾದವರೂ ಅವರೇ. ಜನವರಿಯಲ್ಲಿ ನೋಂದಾಯಿಸಿಕೊಂಡ ಗುಂಪು ಹನ್ನೆರಡು ವಾರ ಮುಗಿಸುವ ಹೊತ್ತಿಗೆ ಬೇಸಿಗೆ ರಜೆಯ ದಟ್ಟಣೆ ಶುರುವಾಗುತ್ತದೆ. ಆ ಲೆಕ್ಕವನ್ನು ಮೊದಲ ಬಾರಿಗೆ ಪರೀಕ್ಷಿಸಲು ಅಷ್ಟು ಹೊತ್ತಿಗೆ ಹಾಳೆಯ ಮೇಲೆ ಅದು ಇರಬೇಕು.